ಬೆಂಕಿ ಕಾಣದ ಗುಡಿ: ಬಿಳಿಗಣ್ಣಮ್ಮನ ಬೋರೆಯ ಮಹಾತ್ಮೆ

ಬೋರೆ ಹತ್ತಿ ಬಂದ ಭಕ್ತಮಹಾಶಯರೇ, ಮೊದಲು ಬೆವರೊರೆಸಿಕೊಂಡು ಕುಳಿತುಕೊಳ್ಳಿ. ಕೈಯಲ್ಲಿ ಕರ್ಪೂರ, ಊದುಬತ್ತಿ, ಜೇಬಿನಲ್ಲಿ ಬೆಂಕಿಪೊಟ್ಟಣ ಏನಿದ್ದರೂ ಹೊರಗಿನ ಕಲ್ಲುಗೂಡಿನಲ್ಲಿಟ್ಟು ಬನ್ನಿ. ಇದು ಸಕಲಾಭೀಷ್ಟಪ್ರದಾಯಕವಾದ ಕ್ಷೇತ್ರವೆಂದು ಕೆಳಗೆ ಯಾರಾದರೂ ಹೇಳಿದ್ದರೆ, ಅವರು ತೆಂಗಿನಕಾಯಿ ಮಾರುವ ಸಲುವಾಗಿ ಹೇಳಿದ್ದಾರೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಇಲ್ಲಿನ ದೇವಿ ಇದುವರೆಗೆ ಯಾರಿಗೂ ಯಾವ ವರವನ್ನೂ ಕೊಟ್ಟವಳಲ್ಲ. ಆಕೆ ಏಕೆ ಕೊಡಲಿಲ್ಲ, ಕೊಡದಿದ್ದರೂ ನಾವೇಕೆ ಕಾಲು ನೋಯಿಸಿಕೊಂಡು ಹತ್ತಿ ಬರುತ್ತೇವೆ ಎಂಬುದನ್ನು, ತಲೆತಲಾಂತರದಿಂದ ಈ ಗುಡಿಯ ಪೂಜೆಗೆ ನಿಂತ ಒಕ್ಕಲಿನವನಾದ ನಾನು, ಹಿರಿಯರ ಬಾಯಿಂದ ಕೇಳಿದಂತೆ ಈ ಪುಸ್ತಕದಲ್ಲಿ ನಿವೇದಿಸುತ್ತಿದ್ದೇನೆ.

ಪರ್ವತಗಳಿಗೆ ರೆಕ್ಕೆಗಳಿದ್ದ ಆ ಪುರಾತನ ಕಲ್ಪದಲ್ಲಿ, ಗಗನಸಂಚಾರದ ಮದದಿಂದ ಮನಬಂದಲ್ಲಿ ಇಳಿದು ಊರುಕೇರಿಗಳನ್ನು ಚಪ್ಪಟೆ ಮಾಡುತ್ತಿದ್ದ ಗಿರಿಗಳ ಉಪಟಳವನ್ನು ಸಹಿಸಲಾರದೆ ದೇವೇಂದ್ರನು ವಜ್ರಾಯುಧವನ್ನೆತ್ತಿ ಅವುಗಳ ರೆಕ್ಕೆಗಳನ್ನು ಕತ್ತರಿಸಿದನೆಂಬುದು ಲೋಕವಿದಿತ. ಕತ್ತರಿಸಿದವನನ್ನು ಎಲ್ಲರೂ ಕೊಂಡಾಡಿದರು, ಬಿದ್ದ ಬೆಟ್ಟಗಳ ಅಡಿಗೆ ಸಿಕ್ಕಿದವರ ಗತಿಯನ್ನು ಮಾತ್ರ ಯಾರೂ ವಿಚಾರಿಸಲಿಲ್ಲ. ಅಂತಹ ಒಂದು ಮಹಾಗಿರಿಯು ಛಿನ್ನಪಕ್ಷವಾಗಿ ಬಂದು ಬಿದ್ದದ್ದು ಈ ಸೀಮೆಯ ಒಂದು ಕೆರೆಯಂಗಳದ ಜೇಡಿಮಣ್ಣಿನ ಮೇಲೆ. ಅಸಂಖ್ಯಾತ ಯುಗಗಳ ಕಾಲ ಆ ದುರ್ಭರ ಪರ್ವತಭಾರವನ್ನು ಹೊತ್ತು, ಮೇಲೇಳಲೂ ಆಗದೆ ಕೂಗಲೂ ಆಗದೆ, ಭೂಗರ್ಭದ ಅಂಧಕಾರದಲ್ಲಿ ಅಮುಕಿಸಿಕೊಂಡೇ ಇದ್ದ ಆ ಬಡಮಣ್ಣು, ತನ್ನ ಸಂಕಟದಿಂದಲೇ ನೀಲವರ್ಣಕ್ಕೆ ತಿರುಗಿತು. ಬೆಂಕಿಯಲ್ಲಿ ಬೆಂದು ಬಣ್ಣ ಪಡೆದ ಕಲ್ಲುಗಳು ಲೋಕದಲ್ಲಿ ಬೇಕಾದಷ್ಟಿವೆ. ಇದು ಹೊರೆ ಹೊತ್ತು ನೀಲಿಯಾದ ಕಲ್ಲು. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಓದಿ.

ಬಹುಕಾಲಾನಂತರ ಮಳೆಗಾಳಿಗಳಿಂದ ಆ ಪರ್ವತವು ಸವೆದು ಸವೆದು ಇಂದಿನ ಈ ಬೋಳು ಬೋರೆಯಷ್ಟಾಯಿತು, ಅದರ ಪಡುವಣ ಅಂಚಿನಲ್ಲಿ ಬಿಳಿಯ ಬೆಣಚುಕಲ್ಲಿನ ನಡುವೆ ದರ್ಭೆಯ ಎಸಳುಗಳನ್ನು ಹಾಸಿದಂತೆ ನೀಲಿ ಪಟ್ಟಿಗಳು ಹೊರಗೆ ಕಂಡವು. ಬೇರೆ ಕ್ಷೇತ್ರಗಳಲ್ಲಾದರೆ ಈ ವೇಳೆಗೆ ಒಬ್ಬ ಮಹರ್ಷಿ ಆಗಮಿಸಿ ಪರ್ಣಕುಟೀರ ಕಟ್ಟಿಕೊಳ್ಳುತ್ತಾನೆ. ಇಲ್ಲಿಗೆ ಯಾರೂ ಬರಲಿಲ್ಲ. ಋಷಿಗಳು ನೆರಳು, ನೀರು ನೋಡಿಯೇ ತಪಸ್ಸಿಗೆ ಕೂರುವವರು. ಹೆಸರು ತಿಳಿಯದ ಯಾವನೋ ಒಬ್ಬ ಶಿಲ್ಪಿ ಮಾತ್ರ ಬಂದು, ತಲೆಯ ಮೇಲೆ ಬೆಟ್ಟ ಹೊತ್ತ ಒಬ್ಬ ಹೆಣ್ಣಿನ ಮೂರ್ತಿಯನ್ನು ಬೋರೆಯ ನೆತ್ತಿಯಲ್ಲಿ ಕಡೆದು, ರತ್ನನಯನಗಳನ್ನು ಕೂರಿಸಲೆಂದು ಕಣ್ಣಿನ ಜಾಗದಲ್ಲಿ ಎರಡು ಗುಳಿಗಳನ್ನು ಬಿಟ್ಟು, ಅರ್ಧಕ್ಕೇ ಹೊರಟುಹೋದನು. ಕುರಿ ಕಾಯುವವರು ಆಕೆಯನ್ನು ಹೊರೆಯಮ್ಮನೆಂದು ಕರೆದರು. ಕಣ್ಣು ತೆರೆಯದ ದೇವಿಗೆ ಕೈಮುಗಿದರೂ ಅವಳಿಗೆ ಕಾಣದೆಂದು ಪೂಜೆಗೆ ಯಾರೂ ಬರುತ್ತಿರಲಿಲ್ಲ.

ಆ ಕಾಲದಲ್ಲಿ ಬೋರೆಯ ಬುಡದ ಊರಿನಲ್ಲಿ ಚಾವೋಜನೆಂಬ ಮಣಿಗಾರನೊಬ್ಬನಿದ್ದನು. ಹಳ್ಳದ ಮರಳಿನಲ್ಲಿ ಸಿಗುವ ಮಂಕುಬಣ್ಣದ ಕಲ್ಲುಗಳನ್ನು ಆಯ್ದು ತಂದು, ಬಿಸಿಲಿಗೆ ಒಣಗಿಸಿ, ಮಡಕೆಯಲ್ಲಿ ತುಂಬಿ ಬೆರಣಿಯ ಕೆಂಡದಲ್ಲಿ ಹೂತಿಟ್ಟು ತೆಗೆದರೆ ಅವು ಇಂಗಳದಂತೆ ಕೆಂಪಾಗುತ್ತಿದ್ದವು, ಅನಂತರ ಅವನ್ನು ಉಜ್ಜಿ, ಕೊರೆದು, ರಾಣಿವಾಸದ ಕೊರಳಿಗೂ ಗಾಣಿಗಿತ್ತಿಯ ಕೊರಳಿಗೂ ಒಂದೇ ನಿಷ್ಠೆಯಿಂದ ಪೋಣಿಸಿ ಕೊಡುತ್ತಿದ್ದನು. 'ಸುಡದ ಕಲ್ಲು ಹುಟ್ಟದ ಕೂಸು' ಎಂಬುದು ಅವನ ಕುಲದವರು ಬಾಲ್ಯದಿಂದಲೂ ಕೇಳಿ ಬೆಳೆದ ಗಾದೆ. ಕಲ್ಲಿನೊಳಗಿನ ಬಣ್ಣವನ್ನು ಹೊರಗೆ ಕರೆಯುವವನು ಅಗ್ನಿಯೇ ಹೊರತು ಮನುಷ್ಯನಲ್ಲವೆಂದು ಅವನು ನಂಬಿದ್ದನು, ಕೆಂಪು ಕಲ್ಲಿನ ಮಟ್ಟಿಗೆ ಆ ನಂಬಿಕೆ ಒಮ್ಮೆಯೂ ಅವನಿಗೆ ಮೋಸ ಮಾಡಿರಲಿಲ್ಲ.

ಒಂದು ಬೇಸಗೆಯಲ್ಲಿ ಊರಿಗೆ ಸಿಡುಬು ಬಂದಿತು. ಚಾವೋಜನ ಹೆಂಡತಿಯನ್ನು ಅದು ಕೊಂಡೊಯ್ದಿತು, ಒಬ್ಬಳೇ ಮಗಳು ದೇಕವ್ವೆಯನ್ನು ಉಳಿಸಿತಾದರೂ ಅವಳ ಎಡಗಣ್ಣಿಗೆ ಬಿಳಿಯ ಹೂವು ಬಿದ್ದು ದೃಷ್ಟಿ ಪೂರ್ತಿ ಹೋಯಿತು. ಬಲಗಣ್ಣೂ ಹೆಚ್ಚು ಕಾಲ ಉಳಿಯದೆಂದು ಪಂಡಿತರು ಹೇಳಿಬಿಟ್ಟರು. ಎಡಗಣ್ಣು ಹೋಗುವಾಗ ಮೊದಲು ಹೋದದ್ದು ಬಣ್ಣಗಳು, ಆಮೇಲೆ ಆಕಾರಗಳು. ಬಲಗಣ್ಣೂ ಅದೇ ಹಾದಿ ಹಿಡಿದಿತ್ತು. ಕೆಂಪು, ಹಳದಿ, ಹಸಿರುಗಳೆಲ್ಲ ಆಗಲೇ ಮಣ್ಣಿನ ಬಣ್ಣಕ್ಕೆ ತಿರುಗಿ, ಅವಳಿಗೆ ನಿಚ್ಚಳವಾಗಿ ಕಾಣುವ ಬಣ್ಣವೆಂದರೆ ನೀಲಿಯೊಂದೇ ಉಳಿದಿತ್ತು. ತಾಯಿಯಿಲ್ಲದ ಮಗು, ಮುಂದೆ ಕಣ್ಣೂ ಇಲ್ಲವೆಂದರೆ ತಾನು ಸತ್ತ ಮೇಲೆ ಅವಳ ಕೈ ಹಿಡಿಯುವವರು ಯಾರು ಎಂಬ ಒಂದೇ ಚಿಂತೆ ಚಾವೋಜನನ್ನು ಒಳಗೊಳಗೇ ತಿನ್ನುತ್ತಿತ್ತು. ಕಡೆಗೊಂದು ದಿನ ಅವನು ಬೋರೆ ಹತ್ತಿ, ಹೊರೆಯಮ್ಮನ ಬರಿಗುಳಿಗಳ ಮುಂದೆ ಸಾಷ್ಟಾಂಗವೆರಗಿ, ನಿನಗೆ ನಾನು ಎರಡು ಕಣ್ಣು ಕೂರಿಸುತ್ತೇನೆ, ನನ್ನ ಮಗಳಿಗೆ ನೀನು ಒಂದನ್ನು ಉಳಿಸು ಎಂದು ಹರಕೆ ಹೊತ್ತನು.

ಆ ಕಣ್ಣಿಗೆ ತಕ್ಕ ಕಲ್ಲನ್ನು ಕಂಡವಳು ದೇಕವ್ವೆಯೇ. ತಂದೆಯ ಜತೆ ಬೋರೆಯ ಪಡುವಣ ಅಂಚಿಗೆ ಹೋಗಿದ್ದಾಗ, ಬೇರೇನೂ ಸರಿಯಾಗಿ ಕಾಣದ ಅವಳ ಕಣ್ಣು ಬೆಣಚಿನ ನಡುವಿನ ನೀಲಿಯ ಮೇಲೆ ಹೋಗಿ ನಿಂತಿತು. ಅಂಗೈಯಗಲದ ಒಂದು ಪಟ್ಟಿ, ನಡುವೆ ದಟ್ಟನೀಲ, ಅಂಚಿಗೆ ಬರುಬರುತ್ತ ತಿಳಿ. ಅವಳು ತಂದೆಯ ಉಳಿಯನ್ನು ಇಸಿದುಕೊಂಡು ಆ ಕಲ್ಲಿನ ಮೇಲೆ ಗೀಚಿ ನೋಡಿದಳು. ಉದ್ದಕ್ಕೆ ಎಳೆದರೆ ಗೆರೆ ಮೂಡಿತು, ಅಡ್ಡಕ್ಕೆ ಎಳೆದರೆ ಉಳಿಯೇ ಜಾರಿತು. 

"ಅಪ್ಪ, ಈ ಕಲ್ಲು ಉದ್ದಕ್ಕೆ ಮಾತು ಕೇಳ್ತದೆ, ಅಡ್ಡಕ್ಕೆ ಕೇಳಲ್ಲ ಕಣಪ್ಪ," ಎಂದಳು. 

ಚಾವೋಜನಿಗೆ ತನ್ನ ಜನ್ಮದಲ್ಲಿ ಇಂಥ ಕಲ್ಲು ಸಿಕ್ಕಿರಲಿಲ್ಲ. ಒಂದೇ ಕಲ್ಲು, ಎರಡು ಬಲ. ಅಷ್ಟು ದೊಡ್ಡ ಪಟ್ಟಿ ಇಡೀ ಬೋರೆಯಲ್ಲಿ ಅದೊಂದೇ ಇತ್ತು, ಮಿಕ್ಕವೆಲ್ಲ ಕಡ್ಡಿಯಷ್ಟು ಸಣ್ಣವು. ಉದ್ದಕ್ಕೆ ಸೀಳಿಹೋಗದಂತೆ ಕಾಯುತ್ತ, ಅಡ್ಡಕ್ಕೆ ಮರಳು ಹಾಕಿ ಉಜ್ಜುತ್ತ, ಇಡೀ ಚಳಿಗಾಲ ಕೂತು ಅವನು ಎರಡು ಕಣ್ಣುಗಳನ್ನು ತಿದ್ದಿದನು. ದೇಕವ್ವೆ ದಿನವೂ ಎದ್ದ ಕೂಡಲೆ ಆ ಕಣ್ಣುಗಳನ್ನು ಕೈಗೆತ್ತಿಕೊಂಡು ಬಾಗಿಲಿನ ಬೆಳಕಿಗೆ ಹಿಡಿಯುತ್ತಿದ್ದಳು. ನೀಲಿಯಾಗಿ ಕಂಡರೆ ಅಂದಿಗೆ ತನ್ನ ಕಣ್ಣು ಇದೆಯೆಂದು ಲೆಕ್ಕ. ಕಂಡಿತೆಂದು ಹೇಳಿ ಮುಖ ತೊಳೆಯಲು ಹೋಗುತ್ತಿದ್ದಳು.

ಕಣ್ಣುಗಳೇನೋ ಸಿದ್ಧವಾದವು. ಸೂರ್ಯನು ನೇತ್ರಾಧಿದೇವತೆಯಾದ್ದರಿಂದ ರಥಸಪ್ತಮಿಯ ಪ್ರಾತಃಕಾಲದಲ್ಲಿ ದೇವಿಯ ನೇತ್ರೋನ್ಮೀಲನವಾಗಬೇಕೆಂದು ಊರಿನವರು ನಿಶ್ಚಯಿಸಿದರು. ಇಲ್ಲಿಗೆ ನಿಂತಿದ್ದರೆ ಈ ಪುಸ್ತಕ ಬರೆಯುವ ಗತಿ ನನಗೆ ಬರುತ್ತಿರಲಿಲ್ಲ. ಆದರೆ ಆ ನೀಲಿ ಅಂಚಿನಲ್ಲಿ ತೆಳುವಾಗಿತ್ತು. ಮಣಿಗಾರನ ಕಣ್ಣಿಗೆ ಅದು ಬೇಯದ ಕಲ್ಲು, ಹಸಿ ಕಲ್ಲು. ದೇವಿಗೆ ಹಸಿ ಕಲ್ಲು ಕೊಟ್ಟು ಮಗಳಿಗೆ ಕಣ್ಣು ಕೇಳುವುದು ಹೇಗೆಂದು ಅವನು ಯೋಚಿಸಿದನು. ಬೆಂಕಿ ತೋರಿಸಿದರೆ ಅಂಚಿನ ತನಕ ಕಡುನೀಲಿಯಾದೀತೆಂದು ಮಗಳ ಮುಂದೆ ಹೇಳಿದನು. 

"ಇಷ್ಟು ನೀಲಿ ಸಾಕು ಕಣಪ್ಪ. ನಂಗೇ ಕಾಣ್ತದೆ ಅಂದ್ಮೇಲೆ ಅಮ್ಮಂಗೆ ಕಾಣಲ್ವಾ?" ಎಂದಳು ದೇಕವ್ವೆ. 

ಮಗಳ ಯಾವ ಮಾತಿಗೂ ಇಲ್ಲವೆನ್ನದ ಚಾವೋಜ ಅಂದು ಅಡ್ಡ ತಿರುಗಿಸಿದ ಕಲ್ಲಿನಂತಾದನು. ಕಣ್ಣುಗಳನ್ನು ಮಡಕೆಯಲ್ಲಿಟ್ಟು ಬೆರಣಿಯ ಕೆಂಡದಲ್ಲಿ ಹೂತನು. ತೆಗೆದು ನೋಡಿದರೆ ಹೋದಂತೆಯೇ ಬಂದಿದ್ದವು, ಒಂದು ಕೂದಲೆಳೆಯಷ್ಟೂ ಬಣ್ಣ ಏರಿರಲಿಲ್ಲ, ಇಳಿದಿರಲಿಲ್ಲ. ಬೆಂಕಿಗೂ ತನಗೂ ಸಂಬಂಧವಿಲ್ಲವೆಂದು ಆ ಕಲ್ಲು ಬಾಯಿ ಬಿಟ್ಟು ಹೇಳಿದ ಹಾಗಿತ್ತು. ಕೇಳುವ ಕಿವಿ ಅವನಿಗಿರಲಿಲ್ಲ. ಬೆಂಕಿ ಸಾಲದೆಂದು ಅವನು ತಿಳಿದನು.

ಅವನ ಹೆಂಡತಿಯ ತಮ್ಮ ಬಿಟ್ಟಿಗನು ಅದೇ ಊರಿನ ಕಮ್ಮಾರ, ಕಬ್ಬಿಣದ ಕಲ್ಲನ್ನು ಕರಗಿಸುವ ಆಳೆತ್ತರದ ಕುಲುಮೆ ಅವನದು. ರಥಸಪ್ತಮಿಯ ಹಿಂದಿನ ದಿನ ಮುಂಜಾನೆ ಚಾವೋಜನು ಕಣ್ಣುಗಳನ್ನು ಒಯ್ದು ಅವನ ಕೈಗಿತ್ತನು. ಬಿಟ್ಟಿಗನೂ ಬೆಂಕಿಯನ್ನೇ ನಂಬಿ ಬಾಳಿದವನು. ತನ್ನ ಕುಲುಮೆಗೆ ಬಗ್ಗದ ಕಲ್ಲು ಇನ್ನೂ ಹುಟ್ಟಿಲ್ಲವೆಂದು ಹೇಳಿ, ಇದ್ದಿಲು ತುಂಬಿ, ಮಧ್ಯಾಹ್ನದವರೆಗೆ ಎಡೆಬಿಡದೆ ತಿದಿಯೊತ್ತಿದನು. ಇವನೇ ನನ್ನ ವಂಶದ ಮೂಲಪುರುಷ, ಆದ್ದರಿಂದ ಅವನ ಪರವಾಗಿ ಒಂದು ಮಾತು ಹೇಳಬಾರದೇ ಎಂದು ನೀವು ಕೇಳಬಹುದು. ಹೇಳುವಂಥದ್ದೇನೂ ಇಲ್ಲ. ಅವನೂ ತಂಗಾಳಿಯಲ್ಲಿ ನಿಂತು ಒಂದು ಗಳಿಗೆ ಯೋಚಿಸಬಹುದಾಗಿತ್ತು.

ಕುಲುಮೆಯ ಬಾಯಿ ಒಡೆದು ಇಕ್ಕಳದಿಂದ ಹೊರಗೆ ತೆಗೆದಾಗ ಆ ಎರಡು ಕಣ್ಣುಗಳು ಬಾಣಲೆಯಲ್ಲಿ ಹುರಿದ ಅರಳಿನಂತೆ ಉಬ್ಬಿ, ಎಸಳೆಸಳಾಗಿ ಬಿರಿದು, ಸುಣ್ಣದಂತೆ ಬೆಳ್ಳಗಾಗಿದ್ದವು. ನೀಲಿಯ ಒಂದು ಎಳೆಯೂ ಉಳಿದಿರಲಿಲ್ಲ. ಯುಗಯುಗಾಂತರಗಳ ಭಾರದಿಂದ ಹಿಡಿದುಕೊಂಡಿದ್ದ ಬಣ್ಣವನ್ನು ಅರ್ಧದಿನದ ಬೆಂಕಿ ಬಿಡಿಸಿಬಿಟ್ಟಿತ್ತು. ಆರಿದ ಮೇಲೆ ಬಣ್ಣ ಮರಳೀತೆಂದು ಇಬ್ಬರೂ ಕೂತು ಕಾದರು. ನೀರೆರೆದರು, ಎಣ್ಣೆ ಸವರಿದರು. ಅದು ಮರಳುವ ಬಣ್ಣವಲ್ಲ. ಚಾವೋಜನು ಅವೆರಡನ್ನೂ ಮಡಿಲಲ್ಲಿಟ್ಟುಕೊಂಡು, ಕೈ ಮುರಿದವನ ಹಾಗೆ ಅಲ್ಲೇ ಕುಕ್ಕರಿಸಿದನು.

ಅಷ್ಟರಲ್ಲಿ ದೇಕವ್ವೆ ಗೋಡೆ ಹಿಡಿದುಕೊಂಡು ಕುಲುಮೆಯ ಚಪ್ಪರಕ್ಕೆ ಬಂದಳು. ಅಂದು ಬೆಳಗ್ಗೆ ಕಣ್ಣುಗಳು ಮನೆಯಲ್ಲಿರಲಿಲ್ಲವಾದ್ದರಿಂದ ಅವಳ ನೋಟದ ಲೆಕ್ಕ ಆಗಿರಲಿಲ್ಲ. ತಂದೆಯ ಮಡಿಲಿಗೆ ಕೈಹಾಕಿ ಒಂದು ಕಲ್ಲನ್ನೆತ್ತಿ ಬಿಸಿಲಿಗೆ ಹಿಡಿದಳು. ಬಹಳ ಹೊತ್ತು ಹಿಡಿದಿದ್ದಳು.

"ಅಪ್ಪ, ಬಣ್ಣ ಹೆಂಗ್ ಬಂದೈತೆ?"

ನಿಜ ಹೇಳಲು ಒಂದು ಮಾತು ಸಾಕಾಗಿತ್ತು. ಆದರೆ ಅವಳಿಗಾಗಿ ಹೊತ್ತ ಹರಕೆಯನ್ನು ತನ್ನ ಕೈಯಾರೆ ಸುಟ್ಟೆನೆಂದು ಅವಳ ಮುಖ ನೋಡಿ ಹೇಳಲು ಆ ತಂದೆಗೆ ನಾಲಿಗೆ ಏಳಲಿಲ್ಲ.

"ನೀಲಿ ಕಣವ್ವ," ಎಂದನು. "ಒಳ್ಳೆ ಕಡು ನೀಲಿ."

"ಹಂಗಾ," ಎಂದಳು ದೇಕವ್ವೆ. "ಒಳ್ಳೇದಾಯ್ತು ಬಿಡಪ್ಪ." 

ಕಲ್ಲನ್ನು ಜೋಪಾನವಾಗಿ ಅವನ ಮಡಿಲಿಗೆ ಹಿಂದಿರುಗಿಸಿ, ಬಂದ ಹಾಗೆಯೇ ಗೋಡೆ ಹಿಡಿದು ಹೋದಳು. ಕಲ್ಲು ಉಬ್ಬಿದ್ದು ಕೈಗೆ ತಿಳಿದರೂ ಬೆಂಕಿ ಕಂಡ ಕಲ್ಲು ಹಾಗಿರಬಹುದೆಂದುಕೊಂಡಳು. ಅವಳ ಕಣ್ಣಿಗೆ ಕಂಡಿದ್ದು ಬಿಳಿ. ತಂದೆ ಹೇಳಿದ್ದು ನೀಲಿ. ಅಪ್ಪ ಸುಳ್ಳು ಹೇಳುತ್ತಾನೆಂದು ಆ ಮಗುವಿಗೆ ಕನಸಿನಲ್ಲೂ ಹೊಳೆಯಲಿಲ್ಲ, ಆದ್ದರಿಂದ ಕಡೆಯ ಬಣ್ಣವೂ ಹೋಯಿತು, ಇನ್ನು ಕತ್ತಲೆಯೇ ಎಂದು ತಿಳಿದುಕೊಂಡಳು. ಚಾವೋಜನಿಗೆ ಇದು ಅರ್ಥವಾಗದೆ ಇರಲಿಲ್ಲ. ನಾಳೆ ದೇವಿ ಕಣ್ಣು ತೆರೆದರೆ ಮಗಳ ಕಣ್ಣೂ ನೆಟ್ಟಗಾಗುತ್ತದೆ, ಆಗ ತನ್ನ ಸುಳ್ಳು ತಾನಾಗಿಯೇ ತೊಳೆದುಹೋಗುತ್ತದೆ ಎಂದು ಅವನು ತನ್ನನ್ನು ತಾನೇ ಸಂತೈಸಿಕೊಂಡನು. ಭಕ್ತಿಯಲ್ಲಿ ಇಂತಹ ಹೇಡಿತನಕ್ಕೂ ಜಾಗವಿರುತ್ತದೆ, ಬರುವವರನ್ನು ನೋಡಿ ನೋಡಿ ನಾನು ಬಲ್ಲೆ.

ಮರುದಿನ ಸೂರ್ಯೋದಯಕ್ಕೆ ದೇಕವ್ವೆ, ಬಿಟ್ಟಿಗ ಇಬ್ಬರ ಹೊರತು ಊರೆಲ್ಲ ಬೋರೆಯ ಮೇಲೆ ನೆರೆಯಿತು. ಉಬ್ಬಿದ ಕಣ್ಣುಗಳು ಗುಳಿಗೆ ಹಿಡಿಸಲಿಲ್ಲ. ಅವನ್ನು ತೇಯ್ದು ಪುಡಿಯುದುರಿಸಿ, ಹೇಗೋ ಒತ್ತಿ, ಅರಗಿನಿಂದ ಕೂರಿಸಿ, ಚಾವೋಜನು ವಿಧಿಯಂತೆ ಚಿನ್ನದ ಸೂಜಿಯಿಂದ ರೆಪ್ಪೆಯ ಗೆರೆ ಬಿಡಿಸಿ, ದೇವಿಯ ಮುಂದೆ ಕನ್ನಡಿ ಹಿಡಿದನು. ಆ ದರ್ಪಣದಲ್ಲಿ ಅವನಿಗೆ ಕಂಡದ್ದು ತನ್ನ ಮಗಳ ಎಡಗಣ್ಣು. ಅದೇ ಬಿಳಿ, ಅದೇ ಹೂವು, ಎರಡೂ ಕಡೆ. ತಾನು ದೇವಿಯ ಕಣ್ಣು ತೆರೆಸಿಲ್ಲ, ಕುರುಡು ಮಾಡಿ ಕೂರಿಸಿದ್ದೇನೆಂದು ಅವನಿಗೆ ತಿಳಿಯಿತು. ಕನ್ನಡಿಯನ್ನು ಅಲ್ಲೇ ಬಿಟ್ಟು, ಜನರನ್ನು ನೂಕಿಕೊಂಡು, ಮಗಳಿಗೆ ನಿಜ ಹೇಳಬೇಕೆಂದು ಅವನು ಊರಿನ ಕಡೆ ಓಡಿದನು.

ಮನೆಯಲ್ಲಿ ದೇಕವ್ವೆ ಇರಲಿಲ್ಲ. ಕುಲುಮೆಯ ಮುಂದೆ ಬಿಟ್ಟಿಗ ನಿಂತಿದ್ದನು.

"ಕಣ್ಣಿಗೆ ಬಟ್ಟೆ ಕಟ್ಕೊಂಡು ಬೋರೆ ಪಡುವಣಕ್ಕೆ ಹೋದ್ಲು ಭಾವ. ಬಿಚ್ಚವ್ವ ಅಂದೆ. ಹೆಂಗಿದ್ರೂ ಹೋಗೋ ಕಣ್ಣು, ಈಗಿಂದ್ಲೇ ರೂಢಿಯಾದ್ರೆ ಅಪ್ಪಂಗೆ ಭಾರ ಆಗಲ್ಲ ಮಾವ ಅಂದ್ಲು."

ಆ ಹುಡುಗಿ ತನ್ನ ಕಲ್ಲು ಸಿಕ್ಕಿದ ಜಾಗಕ್ಕೆ ಕುರುಡಿಯಂತೆ ನಡೆದು ಹೋಗುವುದನ್ನು ಕಲಿಯಲು ಹೊರಟಿದ್ದಳು, ಮತ್ತು ಸರಿಯಾಗಿಯೇ ಹೋಗಿ ಮುಟ್ಟಿದ್ದಳು. ಬಂಡೆಯನ್ನು ಕೈಯಿಂದ ತಡವಿ, ಅಡ್ಡಕ್ಕೆ ಒರಟು, ಉದ್ದಕ್ಕೆ ನುಣುಪು ಎಂದು ಗುರುತು ಹಿಡಿದು, ತನ್ನ ಮಾತು ಕೇಳುವ ದಿಕ್ಕನ್ನು ನಂಬಿ, ಅಂಗೈಯನ್ನು ನೀಲಿ ಪಟ್ಟಿಗಳ ಉದ್ದಕ್ಕೆ ಜಾರಿಸುತ್ತ ಮುಂದೆ ಮುಂದೆ ಹೋದಳು. ಆ ಪಟ್ಟಿಗಳೆಲ್ಲ ಓಡುವುದು ಕಂದರದ ಅಂಚಿನ ಕಡೆಗೆ. 

ಚಾವೋಜನು ಕಂದರಕ್ಕಿಳಿದು ಅವಳನ್ನು ಎತ್ತಿ, ಕಣ್ಣಿನ ಬಟ್ಟೆ ಬಿಚ್ಚಿದನು. ಬಲಗಣ್ಣು ತೆರೆದೇ ಇತ್ತು, ಹೂವಿನ ಚುಕ್ಕೆಯೂ ಇಲ್ಲದೆ ನಿರ್ಮಲವಾಗಿತ್ತು. ಆ ಕಣ್ಣಿಗೆ ಬಾಗಿ ಅವನು "ಬಿಳಿ ಕಣವ್ವ, ಬಿಳಿ. ನಿನ್ನ ಕಣ್ಣಿಗೇನೂ ಆಗಿಲ್ಲ, ಕಲ್ಲೇ ಬಿಳಿ," ಎಂದು ಹೇಳುತ್ತಲೇ ಇದ್ದನಂತೆ. ಅವಳು ಸತ್ತು ಬಹಳ ಹೊತ್ತಾಗಿತ್ತು.

ಮಗಳ ದೇಹವನ್ನು ಹೆಗಲ ಮೇಲೆ ಹೊತ್ತು ತಂದು ದೇವಿಯ ಪಾದದಲ್ಲಿ ಮಲಗಿಸಿ, ಕಲ್ಲಿಗೆ ನೀಲಿಯನ್ನು ಮರಳಿಸು, ಇವಳಿಗೆ ಉಸಿರನ್ನು ಮರಳಿಸು, ಬದಲಿಗೆ ನನ್ನನ್ನು ಕುಲುಮೆಗೆ ಹಾಕು ಎಂದು ಚಾವೋಜನು ತಲೆ ಚಚ್ಚಿಕೊಂಡು ಗೋಳಾಡಿದಾಗ, ಅಲ್ಲಿಯವರೆಗೆ ಎಂದೂ ಮಾತಾಡದ, ಅಲ್ಲಿಂದೀಚೆಗೂ ಮಾತಾಡದ ಆ ಶಿಲಾಮೂರ್ತಿಯಿಂದ, ನೆಲದ ತಳದಿಂದ ಬಂದಂತಹ ಗಂಭೀರವಾದ ಅಶರೀರವಾಣಿಯೊಂದು ಸಮಸ್ತ ಗ್ರಾಮಸ್ಥರಿಗೂ ಕೇಳಿಸಿತು.

"ಚಾವೋಜ, ಹೊರೆ ಹೊತ್ತು ಪಡೆದ ಬಣ್ಣವನ್ನು ನೀನು ಬೆಂಕಿಗೆ ಕೊಟ್ಟೆ. ಅದನ್ನು ಮರಳಿಸಲು ನನಗೂ ಬಾರದು. ಈ ಮಗುವನ್ನು ಎಬ್ಬಿಸಲೂ ನನಗೆ ಬಾರದು. ನಾನು ಹೊರುವವಳು, ಕೊಡುವವಳಲ್ಲ. ನಿನ್ನ ಮಗಳು ಕಂಡದ್ದೇ ನಿಜವಾಗಿತ್ತು. ನೀನು ಕೊಟ್ಟ ಈ ಬಿಳಿಯ ಕಣ್ಣುಗಳನ್ನು ಯಾರೂ ಬದಲಿಸಕೂಡದು, ನನ್ನೆದುರಿಗೆ ಇನ್ನೆಂದೂ ಬೆಂಕಿ ತರಕೂಡದು. ಇಲ್ಲಿಗೆ ಬಂದವರು ಏನನ್ನೂ ಬೇಡದಿರಲಿ. ಕಂಡದ್ದನ್ನು ಕಂಡಂತೆ ಹೇಳಿ ಹೋಗಲಿ."

ಅಂದಿನಿಂದ ಹೊರೆಯಮ್ಮನಿಗೆ ಬಿಳಿಗಣ್ಣಮ್ಮನೆಂಬ ನಾಮವಾಯಿತು, ಸುತ್ತ ಗುಡಿಯೂ ಎದ್ದಿತು. ಬಿಟ್ಟಿಗನು ಕುಲುಮೆಯನ್ನು ಕೆಡವಿ, ತಿದಿಯ ಚರ್ಮ ಹರಿದು, ಮತ್ತೆಂದೂ ಕಬ್ಬಿಣ ಮುಟ್ಟಲಿಲ್ಲ. ಚಾವೋಜನು ಬೋರೆಯಿಂದ ಇಳಿಯಲೇ ಇಲ್ಲ. ಸಾಯುವವರೆಗೂ ಗುಡಿಯ ಬಾಗಿಲಲ್ಲಿದ್ದು, ಬೇಯಿಸದ ನೆನೆಗಡಲೆ ತಿಂದುಕೊಂಡು, ಬೆಂಕಿಯ ಬಳಿ ಸುಳಿಯದೆ ಕಳೆದನು. ಅವನಿಗೆ ಮುಕ್ತಿ ಸಿಕ್ಕಿತೆಂದು ಬರೆದರೆ ಓದುವವರಿಗೆ ಸಮಾಧಾನವಾಗುತ್ತಿತ್ತು. ಸಿಕ್ಕಿತೆಂದು ನನ್ನ ಹಿರಿಯರು ಯಾರೂ ಹೇಳಲಿಲ್ಲ.

ಭೂಗರ್ಭಶಾಸ್ತ್ರ ಓದಿದವರು ಕೆಲವರು ಇಲ್ಲಿಗೆ ಬಂದು, ಈ ನೀಲಿ ಕಲ್ಲಿಗೆ ಕಯನೈಟ್ ಎನ್ನುತ್ತಾರೆ, ಜೇಡಿಮಣ್ಣು ನೆಲದಾಳದ ಒತ್ತಡಕ್ಕೆ ಸಿಕ್ಕಿ ಆಗುವ ಸಿಲಿಕೇಟು, ಉದ್ದಕ್ಕೂ ಅಡ್ಡಕ್ಕೂ ಇದರ ಗಡಸುತನ ಬೇರೆ ಬೇರೆ, ಅತಿಯಾದ ಶಾಖಕ್ಕೆ ಉಬ್ಬಿ ಬೆಳ್ಳಗಾದರೆ ಮತ್ತೆ ಮೊದಲಿನಂತಾಗದು ಎಂದು ವಿವರಿಸಿದರು. ನಾನು ಹೌದೆಂದೆ. ನಮ್ಮ ಮನೆಯಲ್ಲಿ ಇದನ್ನು ಒಂದು ಹುಡುಗಿಯ ಜೀವ ಕೊಟ್ಟು ಕಲಿತಿದ್ದೇವೆ.

ಗುಡಿಯ ಹಿಂದೆ ಪಡುವಣಕ್ಕೆ ಹೋದರೆ ದೇಕವ್ವೆಯ ಬಂಡೆಯನ್ನು ಇಂದಿಗೂ ಕಾಣಬಹುದು. ನೀಲಿ ಪಟ್ಟಿಗಳನ್ನು ಅಡ್ಡಕ್ಕೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಿ, ಉದ್ದಕ್ಕೆ ಸವರಬೇಡಿ, ಮಕ್ಕಳ ಕೈಯನ್ನು ಬಿಡಬೇಡಿ. ರಥಸಪ್ತಮಿಯಂದು ಇಲ್ಲಿ ತೇರಿಲ್ಲ, ದೀಪವಿಲ್ಲ, ಮಂಗಳಾರತಿಯಿಲ್ಲ, ನೆನೆಗಡಲೆಯೇ ಪ್ರಸಾದ. ನೀವು ದೇವಿಯೆದುರು ನಿಂತಾಗ ನಾನು ಬಾಗಿಲಿನ ಬೆಳಕನ್ನು ಕನ್ನಡಿಯಿಂದ ಆಕೆಯ ಮುಖಕ್ಕೆ ಹಾಯಿಸಿ, ಯಾವ ಬಣ್ಣವೆಂದು ಕೇಳುತ್ತೇನೆ. ನೀವು ಬಿಳಿಯೆನ್ನಬೇಕು. ದೃಷ್ಟಿಯಿಲ್ಲದವರು ಬಂದರೆ ಜತೆಗೆ ಬಂದವರು ಅವರ ಕಿವಿಯಲ್ಲಿ ಬಿಳಿಯೆಂದು ಹೇಳಬೇಕು. ಇಲ್ಲಿನ ಪೂಜೆ ಇಷ್ಟೇ, ಇದರಿಂದ ಯಾವ ಫಲವೂ ಇಲ್ಲ.

ಇನ್ನೊಂದು ಪದ್ಧತಿ ಭಕ್ತರ ಕಣ್ಣಿಗೆ ಬೀಳುವುದಿಲ್ಲ. ಚಾವೋಜನಿಂದ ಬಿಟ್ಟಿಗನಿಗೆ, ಅವನಿಂದ ಕೈದಾಟಿ ನನ್ನವರೆಗೆ ಬಂದದ್ದು. ಬೆಳಗ್ಗೆ ಗುಡಿಯ ಬೀಗ ತೆಗೆದವನು ದೇವಿಯ ಕಡೆ ತಿರುಗುವುದಕ್ಕೆ ಮೊದಲು, ಯಾವ ಮಂತ್ರವನ್ನೂ ಹೇಳುವುದಕ್ಕೆ ಮೊದಲು, ಪಡುವಣದ ಬಂಡೆಗೆ ಮುಖ ಮಾಡಿ ನಿಂತು ಗಟ್ಟಿಯಾಗಿ ಹೇಳಬೇಕು: "ಬಿಳಿ ಕಣವ್ವ, ಬಿಳಿ."